ಆ ಚಪ್ಪಲಿ ಅಲ್ಲೇ ಇರಬೇಕು

ಕಳೆದ ವರ್ಷ ದೀಪಾವಳಿ ಮುಗಿದ ವಾರ ನಮ್ಮ ಯಜಮಾನರಿಗೆ ಎದೆನೋವು ಬಂತು. ಅವರು ಅದನ್ನು ಎದೆನೋವು ಎನ್ನಲಿಲ್ಲ. "ಗ್ಯಾಸ್ ಕಣೆ, ಒಂದು ಸೋಡಾ ಕುಡಿದ್ರೆ ಹೋಗುತ್ತೆ" ಅಂದರು. ಸೋಡಾ ಕುಡಿದರು. ಸಂಜೆ ಆಟೋದಲ್ಲಿ ಇಂದಿರಾನಗರದ ಕಡೆಯ ಆಸ್ಪತ್ರೆಗೆ ಹೋಗುವಾಗಲೂ ಎದೆ ಉಜ್ಜಿಕೊಳ್ಳುತ್ತಾ ಗ್ಯಾಸ್ ಎಂದೇ ಹೇಳುತ್ತಿದ್ದರು.

ಅದೇ ವಾರ, ಪಕ್ಕದ ಬೀದಿಯಲ್ಲಿ ನಮ್ಮ ಮನೆಯ ಹಿಂಬದಿಗೇ ತಾಗಿದ ಮನೆಯ ಬಸವರಾಜ್ ಅವರನ್ನೂ ಅದೇ ವಾರ್ಡಿಗೆ ತಂದರು. ಅವರ ಹೆಂಡತಿ ಸುಮಂಗಲಾ ಕೊಪ್ಪಳದ ಕಡೆಯವಳು, ನನಗಿಂತ ಚಿಕ್ಕವಳು. ಇಬ್ಬರು ಗಂಡಸರಿಗೂ ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿದರು. ಡಾಕ್ಟರು ನಮ್ಮಿಬ್ಬರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ತಾವು ಹೇಳುವ ತನಕ ಒಂದು ದಿನವೂ ಬಿಡಬಾರದು ಎಂದು ಎಚ್ಚರಿಸಿದರು. ಆ ಶನಿವಾರ ನಾವಿಬ್ಬರೂ ಆಸ್ಪತ್ರೆಯಿಂದ ಬಸ್ಸು ಹಿಡಿದು ಹೊಸ ತಿಪ್ಪಸಂದ್ರಕ್ಕೆ ಬಂದು, ನಮ್ಮ ಆಂಜನೇಯಸ್ವಾಮಿಯ ಗುಡಿಯಲ್ಲಿ ಪಕ್ಕಪಕ್ಕ ಕೂತು ವೀಳ್ಯದೆಲೆ ಹಾರ ಕಟ್ಟಿದೆವು. ನನ್ನ ದಾರ ಸಾಲದಾದಾಗ ಅವಳು ತನ್ನ ಉಂಡೆಯಿಂದ ಹರಿದು ಕೊಟ್ಟಳು.

ಒಂದೇ ಉಂಡೆಯ ದಾರ, ಒಬ್ಬನೇ ಸ್ವಾಮಿ. ಬಸವರಾಜ್ ನಡೆದುಕೊಂಡು ಮನೆಗೆ ಬಂದರು. ನಮ್ಮವರು ಬರಲಿಲ್ಲ.

ಭಕ್ತ ಬಂಧುಗಳೇ, ದುಃಖ ಹೀಗಿರುತ್ತದೆ ಎಂದು ನನಗೆ ಹಿರಿಯರು ಹೇಳಿದ್ದರು. ಅದರ ಜೊತೆಗೆ ಹೊಟ್ಟೆಕಿಚ್ಚು ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಬಸವರಾಜ್ ಅವರ ಕೆಮ್ಮು ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು ಅನಿಸುತ್ತಿತ್ತು. ಸುಮಂಗಲಾ ಊಟಕ್ಕೆ ಬರ್ರಿ ಎಂದು ಗಂಡನನ್ನು ಕೂಗಿದರೆ ನನ್ನ ಕೈಯ ತುತ್ತು ತಟ್ಟೆಗೆ ವಾಪಸ್ ಬೀಳುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವರ ಬಾಗಿಲಲ್ಲಿ ಅವಳ ಚಪ್ಪಲಿಯ ಪಕ್ಕ ಬಿಟ್ಟಿರುತ್ತಿದ್ದ ಅವರ ಕಂದು ಚಪ್ಪಲಿ ಚುಚ್ಚುತ್ತಿತ್ತು. ನಮ್ಮ ಬಾಗಿಲಲ್ಲಿ ನನ್ನದೊಂದೇ ಜೊತೆ. ಆ ಬೀದಿ ಬಿಟ್ಟು ಮಾರ್ಕೆಟ್ ರಸ್ತೆ ಸುತ್ತಿಕೊಂಡು ಗುಡಿಗೆ ಹೋಗುವುದು ರೂಢಿಯಾಯಿತು.

ಯುಗಾದಿ ಕಳೆದ ಒಂದು ಶನಿವಾರ, ಭಜನೆ ಮುಗಿದ ಮೇಲೆ ಸುಮಂಗಲಾ ಮೈಕ್ ಹಿಡಿದಳು. ಸ್ವಾಮಿಯ ದಯೆಯಿಂದ ತನ್ನ ಗಂಡ ಪೂರ್ತಿ ಗುಣವಾಗಿದ್ದಾರೆ, ಮಾತ್ರೆಗಳನ್ನೆಲ್ಲ ನಿಲ್ಲಿಸಿ ತಿಂಗಳಾಯಿತು, ಈಗ ದಿನಾ ತೀರ್ಥ ಒಂದೇ ಸಾಕಾಗಿದೆ ಎಂದಳು. ಎಲ್ಲರೂ ಜೈ ಎಂದರು. ಡಾಕ್ಟರು ಹೇಳಿದ ಮಾತು ನನಗೆ ಕೂಡಲೇ ನೆನಪಾಯಿತು. ಆದರೂ ಮೊದಲು ನನಗಾದದ್ದು ಗಾಬರಿಯಲ್ಲ. ಒಳಗೆ ಎಲ್ಲೋ ತಣ್ಣಗಾಯಿತು. ಇನ್ನು ಅವಳ ಬಾಗಿಲಲ್ಲೂ ಒಂದೇ ಜೊತೆ ಉಳಿಯಬಹುದು ಎಂಬ ಯೋಚನೆ ಬಂದು ಹೋಯಿತು. ಸ್ವಾಮಿಯ ಎದುರಿಗೇ ಬಂತು.

ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದರೆ, ಗಂಡ ಹೋದವಳು, ಇನ್ನೊಬ್ಬರ ಸುಖ ನೋಡಲಾರದೆ ಆಡುತ್ತಿದ್ದಾಳೆ ಅನ್ನುತ್ತಾರೆ. ಅದು ಸುಳ್ಳಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ನಿಜವಾಗಿತ್ತು. ಹಾಗಾಗಿ ದಿನವೂ ಗುಡಿಗೆ ಹೋಗಿ ಪ್ರದಕ್ಷಿಣೆ ಹಾಕುತ್ತಾ ಒಂದೇ ಬೇಡಿಕೆ ಇಟ್ಟೆ. ಸ್ವಾಮಿ, ಈ ಕಿಚ್ಚನ್ನು ನನ್ನಿಂದ ತೆಗೆದುಬಿಡು, ಮನಸ್ಸು ತಿಳಿಯಾದ ಮೇಲೆ ಹೋಗಿ ಹೇಳುತ್ತೇನೆ. ಕಿಚ್ಚು ಹೋಗಲಿಲ್ಲ. ಸ್ವಾಮಿಗೆ ನನ್ನ ಮಾತು ಕೇಳಿಸುತ್ತಿಲ್ಲವೇನೋ ಎಂದುಕೊಂಡೆ. ಒಂದು ದಿನ ಬೇಡುವುದನ್ನೂ ಬಿಟ್ಟು ಸುಮ್ಮನೆ ಮನೆಗೆ ಬಂದೆ.

ಅವತ್ತು ಸಂಜೆ ಮಹಡಿಯ ನಮ್ಮ ಮನೆಗೆ ನೀರಿನ ಕ್ಯಾನ್ ತಂದವನು ಅದನ್ನು ಮೆಟ್ಟಿಲ ಕೆಳಗೇ ಇಟ್ಟು ಹೋಗಿದ್ದ. ನಾನು ಅದನ್ನು ಎಳೆಯುತ್ತಿದ್ದಾಗ ಬಸವರಾಜ್ ಆ ದಾರಿಯಲ್ಲಿ ಬಂದರು. ಬೇಡವೆಂದರೂ ಕೇಳದೆ ಕ್ಯಾನನ್ನು ಹೆಗಲಿಗೇರಿಸಿದರು. ಮೆಟ್ಟಿಲಿನ ಅರ್ಧಕ್ಕೆ ಹೋದವರು ಕ್ಯಾನ್ ಇಳಿಸಿ ಅಲ್ಲೇ ಕೂತುಬಿಟ್ಟರು. ಹಣೆಯ ತುಂಬ ಬೆವರು. ಎದೆ ಉಜ್ಜಿಕೊಳ್ಳುತ್ತಾ ನಗಲು ನೋಡಿದರು.

"ಏನಿಲ್ಲ ಅಕ್ಕಾರ, ಗ್ಯಾಸ್."

ಆ ಮಾತು ಅವರ ಬಾಯಿಂದ ಬಂದರೂ ನನಗೆ ಕೇಳಿಸಿದ್ದು ನಮ್ಮವರ ದನಿ. ಸುಧಾರಿಸಿಕೊಂಡ ಅವರು ಮನೆಯ ಕಡೆ ನಡೆದಾಗ, ಮನಸ್ಸು ತಿಳಿಯಾಗಲಿ ಎಂದು ಕಾಯಲು ನನಗೆ ಪುರುಸೊತ್ತಿರಲಿಲ್ಲ. ಅವರ ಹಿಂದೆಯೇ ಹೋದೆ.

ಬಾಗಿಲಲ್ಲಿ ನಿಂತೇ ಸುಮಂಗಲಾಗೆ ಮೆಟ್ಟಿಲ ಮೇಲೆ ಕಂಡದ್ದನ್ನು ಹೇಳಿ, ಡಾಕ್ಟರ ಮಾತು ನೆನಪಿಸಿ, ಈಗಲೇ ಆಸ್ಪತ್ರೆಗೆ ಹೋಗಬೇಕು ಅಂದೆ. ಅವಳ ಮುಖ ಕೆಂಪಾಯಿತು. ಸ್ವಾಮಿಯ ಮೇಲೆ ತನಗಿರುವ ನಂಬಿಕೆ ನನಗಿಲ್ಲದೆ ಹೋಯಿತಲ್ಲ ಎಂದಳು. ಆಮೇಲೆ ನಾನು ಹೆದರಿದ್ದ ಮಾತೇ ಬಂತು.

"ನಿಮ್ಮವರು ಹೋದ್ರಂತ ನಮ್ಮವರೂ ಹೋಗ್ಬೇಕೇನ್ರೀ ಅಕ್ಕಾರ? ಅಷ್ಟು ಹೊಟ್ಟೆಕಿಚ್ಚ ಐತೇನ್ರೀ ನಿಮಗ?"

ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಹೌದು ಸುಮಂಗಲಾ, ಹೊಟ್ಟೆಕಿಚ್ಚಿದೆ. ನಿಮ್ಮ ಬಾಗಿಲಲ್ಲಿ ಅವರ ಚಪ್ಪಲಿ ನೋಡಿದ್ರೆ ನಂಗೆ ಉರಿಯುತ್ತೆ. ಆದ್ರೂ ಆ ಚಪ್ಪಲಿ ಅಲ್ಲೇ ಇರ್ಬೇಕು. ನಡಿ, ಆಟೋ ಕರೀತೀನಿ."

ಒಳಗೆ ಮಂಚದ ಮೇಲೆ ಕೂತಿದ್ದ ಬಸವರಾಜ್ ಮೆಲ್ಲಗೆ ಬಾಯಿ ಬಿಟ್ಟರು. ನಾಲ್ಕೈದು ದಿನದಿಂದ ಎಡಗೈ ಸೆಳೆಯುತ್ತಿದೆ, ಹೆಂಡತಿ ಅಷ್ಟು ಜನರ ಮುಂದೆ ಮೈಕಿನಲ್ಲಿ ಹೇಳಿದ ಮೇಲೆ ನೋವು ಅಂದರೆ ಸ್ವಾಮಿಗೆ ಅವಮಾನವಾದೀತು ಎಂದು ಸುಮ್ಮನಿದ್ದೆ ಅಂದರು. ಸುಮಂಗಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಆಟೋ ತಂದೆ.

ಅದೇ ಆಸ್ಪತ್ರೆ, ಕಾರಿಡಾರಿನಲ್ಲಿ ಅದೇ ಕಬ್ಬಿಣದ ಕುರ್ಚಿಗಳು. ಸುಮಂಗಲಾ ನನ್ನ ಕೈ ಬಿಡಲಿಲ್ಲ. ಡಾಕ್ಟರು ಹೊರಗೆ ಬಂದು, ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಲು ಶುರುವಾಗಿತ್ತು, ಸಕಾಲಕ್ಕೆ ತಂದಿರಿ, ಜೀವಕ್ಕೆ ಅಪಾಯವಿಲ್ಲ ಎಂದರು. ಅವಳು ನನ್ನ ಹೆಗಲ ಮೇಲೆ ಬಿದ್ದು ಅತ್ತಳು. ನಾನೂ ಅತ್ತೆ. ಸುಳ್ಳು ಹೇಳಲಾರೆ, ಎರಡನೇ ಸಲವೂ ಅವಳ ಗಂಡನೇ ಉಳಿದರಲ್ಲ ಎಂಬುದೂ ಆ ಅಳುವಿನಲ್ಲಿತ್ತು.

ಬಸವರಾಜ್ ಮನೆಗೆ ಬಂದ ಮೇಲಿನ ಶನಿವಾರ ಸುಮಂಗಲಾ ಮತ್ತೆ ಮೈಕ್ ಹಿಡಿದಳು. ತೀರ್ಥದ ಜೊತೆ ಮಾತ್ರೆಯನ್ನೂ ಸ್ವಾಮಿಯ ಪ್ರಸಾದ ಅಂತಲೇ ಕೊಡುತ್ತಿದ್ದೇನೆ ಎಂದಳು. ಮೈಕ್ ಇಟ್ಟು ಬಂದು, ಹಾರ ಕಟ್ಟುತ್ತಿದ್ದ ನನ್ನ ಪಕ್ಕದಲ್ಲಿ ಕೂತು ಎಲೆ ಜೋಡಿಸಿ ಕೊಡತೊಡಗಿದಳು.

ನಾನು ಬೇಡಿದ್ದನ್ನು ಸ್ವಾಮಿ ಕೊಡಲಿಲ್ಲ ಎಂದು ಬಹಳ ದಿನ ಅಂದುಕೊಂಡಿದ್ದೆ. ಆದರೆ ಕಿಚ್ಚಿರುವ ಈ ಮನಸ್ಸನ್ನೇ ಹೊತ್ತುಕೊಂಡು ಆ ಬಾಗಿಲಿಗೆ ಹೋಗುವ ಧೈರ್ಯವನ್ನು ಅವನೇ ಕೊಟ್ಟ. ನನ್ನ ಕಾಲಿಗೆ ಅಂಥ ಶಕ್ತಿ ಎಲ್ಲಿತ್ತು?

ಈಗ ಮಾರ್ಕೆಟ್ ರಸ್ತೆ ಸುತ್ತುವುದಿಲ್ಲ. ಅವರ ಬೀದಿಯಲ್ಲೇ ಗುಡಿಗೆ ಹೋಗುತ್ತೇನೆ. ಕಂದು ಚಪ್ಪಲಿ ಕಂಡರೆ ಇನ್ನೂ ಸ್ವಲ್ಪ ಉರಿಯುತ್ತದೆ. ಮೊನ್ನೆ ಬೆಳಿಗ್ಗೆ ನೋಡಿದರೆ ಅದು ಅಲ್ಲಿರಲಿಲ್ಲ. ಅಲ್ಲೇ ನಿಂತುಬಿಟ್ಟೆ. ಅಷ್ಟರಲ್ಲಿ ಬೀದಿಯ ತಿರುವಿನಿಂದ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬಸವರಾಜ್ ನಡೆದು ಬಂದರು, ಯಾಕ ಅಕ್ಕಾರ ನಿಂತೀರಿ ಎಂದು ಕೇಳಿದರು. ಏನಿಲ್ಲ ಅಂದೆ. ಚಪ್ಪಲಿ ಬಿಟ್ಟು ಅವರು ಒಳಗೆ ಹೋಗುವ ತನಕ ನಿಂತಿದ್ದು, ಅಲ್ಲಿಂದಲೇ ಗುಡಿಯ ಕಡೆ ತಿರುಗಿ ಸ್ವಾಮಿಗೆ ಕೈ ಮುಗಿದೆ.