ಒಂದೇ ಅಂಕದ ಆರು ಹಾಳೆಗಳು

ಕೊಳಾಲದ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರ್. ಕಾಪಿ ಹೊಡೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಆ ಹಾಳು ಸಿಟ್ಟೇ ಒಂದು ದಿನ ನನ್ನ ಕಣ್ಣು ಕಟ್ಟಿಬಿಟ್ಟಿತು.

ಮಕ್ಕಳ ಮನಸ್ಸಿನಲ್ಲಿ ಬೇಸರ, ಭಯ ಎಷ್ಟಿದೆಯೆಂದು ಅಳೆಯುವ ಪ್ರಶ್ನಾವಳಿ ಇಲಾಖೆಯಿಂದ ಬಂದಿತ್ತು. ‘ನನಗೆ ಸುಮ್ಮಸುಮ್ಮನೆ ಅಳು ಬರುತ್ತದೆ’, ‘ನಿದ್ದೆ ಬರುವುದಿಲ್ಲ’, ಇಂಥ ಇಪ್ಪತ್ತೈದು ವಾಕ್ಯಗಳು. ಪ್ರತಿಯೊಂದರ ಮುಂದೆಯೂ ‘ಇಲ್ಲ’, ‘ಕೆಲವೊಮ್ಮೆ’, ‘ಆಗಾಗ’, ‘ಯಾವಾಗಲೂ’ ಎಂದಿತ್ತು. ಒಂದಕ್ಕೆ ಗುರುತು ಹಾಕಬೇಕು; ‘ಇಲ್ಲ’ಕ್ಕೆ ಸೊನ್ನೆ, ‘ಯಾವಾಗಲೂ’ಗೆ ಮೂರು ಅಂಕ. ಅಂಕ ಹೆಚ್ಚಿದಷ್ಟೂ ಆ ಮಗುವಿನ ಕಡೆ ಹೆಚ್ಚು ಗಮನ ಬೇಕೆಂದು ಅರ್ಥ. ಇದು ಪರೀಕ್ಷೆಯಲ್ಲ, ಸರಿ ತಪ್ಪು ಇಲ್ಲ ಎಂದು ಒಂಬತ್ತನೇ ತರಗತಿಗೆ ಸಾರಿ ಸಾರಿ ಹೇಳಿದೆ. ಯಾರು ಕೇಳುತ್ತಾರೆ?

ಕೂಡಿಸಿ ನೋಡಿದರೆ ಹುಡುಗಿಯರ ಎರಡು ಬೆಂಚಿನ ಆರೂ ಹಾಳೆಗಳಲ್ಲಿ ಒಂದೇ ಅಂಕ, ಅದೂ ತರಗತಿಗೆಲ್ಲ ಜಾಸ್ತಿ. ಅವರ ನಡುವೆ ಕೂತಿದ್ದವಳು ಯಾವಾಗಲೂ ಮೊದಲು ಬರುವ ಹುಡುಗಿ. ಗಣಿತವಿರಲಿ, ಚರಿತ್ರೆಯಿರಲಿ, ಸುತ್ತಲಿನವರು ಅವಳದನ್ನು ನೋಡಿಯೇ ಬರೆಯುವುದು. ನನಗೆ ನಗು ತಡೆಯಲಾಗಲಿಲ್ಲ.

“ದುಃಖಾನೂ ಕಾಪಿ ಹೊಡೀತೀರೇನ್ರೇ?” ಎಂದೆ.

ತರಗತಿಯೆಲ್ಲ ಗೊಳ್ಳೆಂದಿತು. ಅವಳೂ ನಕ್ಕಳು, ಸ್ವಲ್ಪ ತಡವಾಗಿ. ಆರೂ ಜನರನ್ನು ವರಾಂಡದಲ್ಲಿ ದೂರ ದೂರ ಕೂರಿಸಿ ಮತ್ತೆ ಬರೆಸಿದೆ. ಎಲ್ಲರ ಅಂಕವೂ ಇಳಿಯಿತು. ಅವಳದಂತೂ ಸೊನ್ನೆ. ನನಗೆ ಸಮಾಧಾನವಾಯಿತು.

ಸಂಜೆ ಇಲಾಖೆಗೆ ಕಳಿಸಲು ಲಕೋಟೆಗೆ ತುಂಬುವಾಗ ಮೊದಲಿನ ಹಾಳೆಗಳನ್ನು ಇನ್ನೊಮ್ಮೆ ತಿರುವಿದೆ. ಐದು ಹಾಳೆ ಚೊಕ್ಕವಾಗಿದ್ದವು. ಅವಳದರಲ್ಲಿ ಮಾತ್ರ ಚಿತ್ತು. ನಿದ್ದೆಯ ಪ್ರಶ್ನೆಗೆ ‘ಕೆಲವೊಮ್ಮೆ’ ಎಂದು ಹಾಕಿ ಹೊಡೆದಿದ್ದಳು, ‘ಆಗಾಗ’ ಎಂದು ಹಾಕಿ ಅದನ್ನೂ ಹೊಡೆದಿದ್ದಳು, ಕೊನೆಗೆ ‘ಯಾವಾಗಲೂ’. ನೋಡಿ ಬರೆಯುವವರು ಹೀಗೆ ಯೋಚಿಸಿ ತಿದ್ದುವುದಿಲ್ಲ. ಐವರ ಕಾಪಿಗೆ ರೇಗಿ, ಇವಳು ನಿಜ ಬರೆದಿದ್ದನ್ನೂ ಅಳಿಸಿಹಾಕಿದ್ದೆ.

ಮಾರನೆಯ ದಿನ ಅವಳೊಬ್ಬಳನ್ನೇ ಲ್ಯಾಬಿಗೆ ಕರೆದು, ಎರಡೂ ಹಾಳೆ ಮುಂದಿಟ್ಟು, ಯಾವುದು ನಿಜ ಎಂದು ಕೇಳಿದೆ. ಮೊದಲಿನದನ್ನು ಬೆರಳಿನಿಂದ ಮುಟ್ಟಿದಳು.

“ನೀವ್ ನಕ್ಬುಟ್ರಲ್ಲ ಮಿಸ್. ಇಂಗೆಲ್ಲ ಬರೀಬಾರ್ದೇನೋ ಅಂತ ಎಲ್ಲಾದ್ಕೂ ಇಲ್ಲ ಅಂತ ಹಾಕ್ಬುಟ್ಟೆ.”

ತಪ್ಪು ನನ್ನದು ಕಣಮ್ಮ ಎಂದೆ. ಸೋಮವಾರ ಅಮ್ಮನನ್ನೂ ಕರೆದುಕೊಂಡು ಕೊರಟಗೆರೆಗೆ, ಮಕ್ಕಳ ಮಾತು ಕೇಳುವ ಡಾಕ್ಟರ ಹತ್ತಿರ ಹೋಗೋಣವಾ ಎಂದಾಗ ತಲೆಯಾಡಿಸಿದಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು. ಬೆಲ್ ಹೊಡೆಯಿತು. ನಾನು ಹೋಗಬೇಕಿದ್ದ ಎಂಟನೇ ತರಗತಿಯ ಗದ್ದಲ ಲ್ಯಾಬಿನವರೆಗೂ ಕೇಳುತ್ತಿತ್ತು. ನಾನು ಕೂತೇ ಇದ್ದೆ.