ಲೇತಿಗೆ ಜಳಕ ಮಾಡಿಸಿದ ದಸರಾ

ಮೊಮ್ಮಕ್ಕಳೇ, ಸಂಗೀತಾ, ಶರಣು, ಹೋದ ವಾರ ನೀವು ಸೇಡಂಗೆ ಬಂದವರು ಅಂಗಳಕ್ಕೆ ಕಾಲಿಡುತ್ತಲೇ "ಆಯಿ, ಬಜಿ ಕರೀಲಿಕತ್ತಿ ಏನು?" ಎಂದು ಕೂಗಿದಿರಿ. ಒಲೆಯನ್ನೇ ಹಚ್ಚಿರಲಿಲ್ಲ. ಹಿಂದಿನ ಕೋಣೆಯಲ್ಲಿ ನಾನು ಕಬ್ಬಿಣದ ಸರಳೊಂದನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ, ತಿರುಗಿಸುತ್ತ ಉಳಿಯಿಂದ ಹೆರೆಯುತ್ತಿದ್ದೆ. ಉಳಿ ಕಾಯದಿರಲೆಂದು ಹನಿಸಿದ ಕುಸುಬಿ ಎಣ್ಣೆ ಹೊಗೆಯಾಡಿ ಕರಿದ ವಾಸನೆ ಬಂದಿತ್ತು, ಅಷ್ಟೆ. ಸಪ್ಪಗಾದ ನಿಮ್ಮ ಮುಖ ಕಂಡು ನಗು ಬಂತು. ಎದುರಿಗೆ ಕೂತು ಕತೆ ಹೇಳಲು ನನಗೆ ಮೊದಲಿನಿಂದಲೂ ನಾಚಿಕೆ. ಅದಕ್ಕೆ ಆ ವಾಸನೆಯ ಕತೆಯನ್ನು ಬರೆದಿಡುತ್ತಿದ್ದೇನೆ.

ಶಹಾಬಾದಿನ ನನ್ನ ತವರುಮನೆಯಲ್ಲಿ ಗೋಡೆ, ನೆಲ, ಮಾಳಿಗೆ ಎಲ್ಲವೂ ಕಲ್ಲಿನವು. ಕಲ್ಲಿನ ಗಣಿಯ ಯಂತ್ರಗಳನ್ನು ದಿನವೆಲ್ಲ ರಿಪೇರಿ ಮಾಡಿ ಬರುತ್ತಿದ್ದ ಅಪ್ಪ, ಚಹಾ ಕುಡಿದವನೇ ಮತ್ತೆ ಕಬ್ಬಿಣವನ್ನೇ ಹಿಡಿಯುತ್ತಿದ್ದ. ದನದ ಕೋಣೆಯ ಅರ್ಧ ಎಮ್ಮೆಯದು, ಇನ್ನರ್ಧ ಅಪ್ಪನ ಲೇತಿನದು. ಕಾಲಿನಿಂದ ತುಳಿದು ತಿರುಗಿಸುವ ಹಳೆಯ ಲೇತ್ ಅದು. ಅದರ ಮೇಲೆ ಅಪ್ಪ ಬಾವಿಯ ಗಾಲಿಗೆ ಅಚ್ಚು, ಅವ್ವನ ಡಬ್ಬಿಯ ಮುಚ್ಚಳ ಹಿಡಿದೆತ್ತಲು ಹಿತ್ತಾಳೆಯ ಗುಬಟು, ಏನಾದರೊಂದು ಮಾಡುತ್ತಲೇ ಇರುತ್ತಿದ್ದ. ಕುಸುಬಿ ಎಣ್ಣೆ ಅಡುಗೆಮನೆಯಿಂದಲೇ ಹೋಗುತ್ತಿತ್ತು. "ನಾ ಎಣ್ಣಿ ಪಲ್ಯಾಕ ತರಸೀನೋ, ನಿಮ್ಮ ಕಬ್ಬಣಕ್ಕ ತರಸೀನೋ?" ಎಂದು ಅವ್ವ ಒಳಗಿನಿಂದಲೇ ಕೇಳುತ್ತಿದ್ದಳು. ಅಪ್ಪ ಇನ್ನಷ್ಟು ಜೋರಾಗಿ ತುಳಿಯುತ್ತಿದ್ದ. ನನಗೆ ಆ ಲೇತ್ ಮುಟ್ಟುವ ಆಸೆ. "ದಸರಾ ಪೂಜಿ ಆಗ್ಲಿ, ನಿನ್ನ ಕೈಲೇ ಒಂದು ಬುಗುರಿ ಮಾಡಸ್ತೀನಿ" ಎಂದು ಅಪ್ಪ ಮಾತು ಕೊಟ್ಟಿದ್ದ.

ಆ ದಸರೆಗೆ ಅವ್ವ ನನಗೆ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಲು ಹೇಳಿದಳು. ಅವು ಬಂಗಾರದಂತೆ ಹೊಳೆದವು. ಪೂಜೆಗೆ ಲೇತೂ ಹೀಗೇ ಹೊಳೆಯಲಿ ಎಂದು ನನಗನ್ನಿಸಿತು. ಮನೆಯಲ್ಲಿ ಯಾರೂ ಇಲ್ಲದಾಗ ಉಳಿದ ಹುಣಸೆಹಣ್ಣನ್ನೆಲ್ಲ ಅದಕ್ಕೆ ಬಳಿದು, ತಿಕ್ಕಿ, ಎರಡು ಕೊಡ ನೀರು ಸುರಿದು, ವಿಭೂತಿ ಹಚ್ಚಿದೆ. ಮರುದಿನ ಬೆಳಿಗ್ಗೆ ಹೂವು ಏರಿಸಲು ಬಂದ ಅಪ್ಪ ಹಾಗೆಯೇ ನಿಂತುಬಿಟ್ಟ. ಉಳಿ ಜಾರುವ ಕನ್ನಡಿಯಂಥ ಪಟ್ಟಿಗಳ ತುಂಬ ಕೆಂಪು ತುಕ್ಕು! ಬುಗುರಿ ಹೋಯಿತು, ಇನ್ನು ನನ್ನನ್ನು ಈ ಕೋಣೆಗೂ ಸೇರಿಸುವುದಿಲ್ಲ ಎಂದು ಅಳು ಬಂತು. ಅಪ್ಪನ ಗೆಳೆಯ ಮಹಿಬೂಬ ಚಾಚಾ ಇಣುಕಿ ನೋಡಿದರು. ಗುಜರಿಯಲ್ಲಿ ಹಿತ್ತಾಳೆ ಚೂರು ಸಿಕ್ಕರೆ ಅಪ್ಪನಿಗೆ ತಂದುಕೊಡುತ್ತಿದ್ದವರು ಅವರು. "ಏ ಬೇಟಿ, ಲೇತಿಗಿ ಜಳಕ ಮಾಡಿಸಿದಿ, ಭಾಳ ಛಲೋ. ಮೈ ಒರಸೋದು ಮರತಿ ನೋಡು!" ಎಂದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಮಾತ್ರ ನಗಲಿಲ್ಲ. ಇಟ್ಟಿಗೆಯ ನುಣ್ಣನೆಯ ಪುಡಿ, ಎಣ್ಣೆಯ ಬಟ್ಟೆ ನನ್ನ ಮುಂದಿಟ್ಟ. "ತೊಳದಾಕಿ ನೀನು, ತಿಕ್ಕಾಕಿನೂ ನೀನೇ."

ಶಾಲೆಯಿಂದ ಬಂದವಳೇ ದಿನವೂ ತಿಕ್ಕಿದೆ. ಎಮ್ಮೆ ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು. ದೀಪಾವಳಿ ಹೊತ್ತಿಗೆ ಪಟ್ಟಿಗಳು ನುಣುಪಾದವು, ಹೆಬ್ಬೆರಳಗಲದ ಕಪ್ಪು ಕಲೆಯೊಂದು ಮಾತ್ರ ಹೋಗಲಿಲ್ಲ. ಅಪ್ಪ ಅದರ ಮೇಲೆ ಬೆರಳಾಡಿಸಿದ. "ಇದು ಇರ್ಲಿ ಬಿಡು, ನಿನ್ನ ಸಹಿ" ಎಂದು ಮೊದಲ ಸಲ ನಕ್ಕ. ಚಾಚಾ ಕೊಟ್ಟಿದ್ದ ಹಿತ್ತಾಳೆ ತುಂಡನ್ನು ಸಿಕ್ಕಿಸಿ ನನ್ನನ್ನು ಡಬ್ಬಿಯ ಮೇಲೆ ನಿಲ್ಲಿಸಿದ. ನನ್ನ ಕಾಲು ತುಳಿಯುವ ಹಲಗೆಗೆ ಎಟುಕುತ್ತಿರಲಿಲ್ಲ. ಅಪ್ಪ ತುಳಿದ, ನಾನು ಉಳಿ ಸರಿಸುವ ಹಿಡಿಕೆ ತಿರುಗಿಸಿದೆ. ಹೊಂಬಣ್ಣದ ಚೂರುಗಳು ನನ್ನ ಲಂಗದ ಮೇಲೆಲ್ಲ ಸಿಡಿದವು. ಆ ಬುಗುರಿ ಒಂದು ಕಡೆಗೆ ವಾಲಿಯೇ ತಿರುಗುತ್ತಿತ್ತು. ಆದರೂ ತಿರುಗುತ್ತಿತ್ತು.

ಈಗ ಆ ಕಲ್ಲಿನ ಮನೆ ಇಲ್ಲ. ಅಪ್ಪ, ಅವ್ವ, ಚಾಚಾ ಯಾರೂ ಇಲ್ಲ. ಮನೆ ಕೆಡಹುವ ಮೊದಲು ನನ್ನ ಯಜಮಾನರು, ನಿಮ್ಮ ಮುತ್ಯಾ, ಟ್ರ್ಯಾಕ್ಟರಿನಲ್ಲಿ ಲೇತನ್ನು ಸೇಡಂಗೆ ತಂದು, ಮೋಟರು ಕೂಡಿಸಿ, "ನಿನ್ನ ತವರುಮನಿ ತಂದೀನಿ, ಇಳಸ್ಕೋ" ಎಂದಿದ್ದರು. ಗುಂಡಿ ಒತ್ತುವ ಮೊದಲು ನಾನು ಇಂದಿಗೂ ಆ ಕಲೆಯ ಮೇಲೆ ಹೆಬ್ಬೆರಳಿಡುತ್ತೇನೆ. ಸರಿಯಾಗಿ ಕೂಡುತ್ತದೆ. ಆದರೆ ಕೆಳಗೆ ತುಳಿಯುವ ಸದ್ದಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ಲೇತಿನ ಪಕ್ಕದ ತಗಡಿನ ಡಬ್ಬಿಯಲ್ಲಿ, ಆ ಬುಗುರಿಯ ಜೊತೆಗೇ ಇಡಿ. ಎಣ್ಣೆ ಕೈಯಿಂದ ಮುಟ್ಟಿದರೂ ಅಡ್ಡಿಯಿಲ್ಲ. ನೀರು ಮಾತ್ರ ತಾಗಿಸಬೇಡಿ.