ಕುಂಕುಮ ಇಟ್ಟ ರಿಪೇರಿ ಡಿಸ್ಕ್

ಅಟ್ಟದ ಮೇಲಿರುವ ಹಳೇ ಡಬ್ಬ ಇಳಿಸಿ ಖಾಲಿ ಮಾಡಿ ಎಂದು ಮನೆಯಲ್ಲಿ ಎಷ್ಟೋ ದಿನದಿಂದ ಹೇಳುತ್ತಿದ್ದರು. ಮೊನ್ನೆ ಭಾನುವಾರ ತಪ್ಪಿಸಿಕೊಳ್ಳಲು ನೆಪ ಸಿಗದೆ ಇಳಿಸಿದೆ. ಮುಚ್ಚಳ ತೆಗೆದರೆ ಕರ್ಪೂರದ ವಾಸನೆ. ವೈರು, ಸ್ಕ್ರೂ, ಸತ್ತ ಮದರ್‌ಬೋರ್ಡುಗಳ ನಡುವೆ ಕರ್ಪೂರ ಎಲ್ಲಿಂದ ಬಂತು ಎಂದು ಕೆದಕಿದಾಗ ತಳದಲ್ಲಿ ಒಂದು ಪಾರದರ್ಶಕ ಪ್ಲಾಸ್ಟಿಕ್ ಕವರು, ಅದರೊಳಗೆ ಒಂದು ಡಿಸ್ಕು ಸಿಕ್ಕಿತು. ಮೇಲೆ ನನ್ನದೇ ಕೈಬರಹದಲ್ಲಿ ‘ರಿಪೇರಿ ಡಿಸ್ಕ್’ ಎಂದಿತ್ತು. ಅಕ್ಷರಗಳ ಪಕ್ಕದಲ್ಲಿ ಕುಂಕುಮ. ಜೆರಾಕ್ಸ್ ಅಕ್ಕ...

ನಾನು ಕಂಪ್ಯೂಟರ್ ರಿಪೇರಿಯವನು. ವಿದ್ಯಾರಣ್ಯಪುರದಿಂದ ಹೆಸರಘಟ್ಟ ರಸ್ತೆಯವರೆಗೆ ಬೈಕಿನಲ್ಲಿ ಸುತ್ತುವುದೇ ಆಗಿನಿಂದ ಈಗಿನವರೆಗೆ ನನ್ನ ಕೆಲಸ. ಸೊಂಟ ಮಾತ್ರ ಆಗಿನದಲ್ಲ. ಯಾರ ಮನೆಗೆ ಹೋದರೂ ಒಂದೇ ಮಾತು: “ನಾವೇನೂ ಮಾಡಿಲ್ಲ ಸಾರ್, ತಾನಾಗೇ ಕೆಟ್ಟೋಯ್ತು.” ಇಷ್ಟು ವರ್ಷದಲ್ಲಿ ಈ ಮಾತು ಕೇಳಿ ಕೇಳಿ ಕಿವಿ ಜೋಮು ಹಿಡಿದಿದೆ. ಏನು ಮಾಡಿದೆನೆಂದು ಮುಖಕ್ಕೆ ಮುಖ ಕೊಟ್ಟು ಹೇಳಿದವರು ಅಕ್ಕ ಒಬ್ಬರೇ.

ಚಿಕ್ಕಬಾಣಾವರದ ಸ್ಟೇಷನ್ ಕಡೆ ಅವರ ಅಂಗಡಿ. ಊರಿನ ಹಳೇ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅವರ ತಮ್ಮ ಕಟ್ಟಡಗಳನ್ನು ಎಬ್ಬಿಸಿದ್ದ. ಅಕ್ಕ ಮನೆಯಲ್ಲಿ ಕೂತು ಉಣ್ಣಬಹುದಿತ್ತು. ಆದರೆ ಗಂಡ ತೀರಿಕೊಂಡ ಮೇಲೆ ತಮ್ಮನದೇ ಕಟ್ಟಡದ ಕೆಳಗಿನ ಒಂದು ಮಳಿಗೆಯಲ್ಲಿ ಜೆರಾಕ್ಸ್ ಮೆಷಿನ್ನು, ಒಂದು ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ, ಗೃಹಪ್ರವೇಶದ ಕಾರ್ಡು ಟೈಪ್ ಮಾಡಿಕೊಡುತ್ತಿದ್ದರು. ಅವರಿಗೆ ನಾನು ಅಣ್ಣ, ನನಗೆ ಅವರು ಅಕ್ಕ. ನಿಜವಾಗಿ ಯಾರು ದೊಡ್ಡವರೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಅವರು ಹುಡುಗಿಯಾಗಿದ್ದಾಗ ಕಲಿತದ್ದು ಕನ್ನಡ ಟೈಪ್‌ರೈಟರಿನಲ್ಲಿ. ಅದೇ ಕೀಲಿಮಣೆಯ ಜೋಡಣೆ ಇದ್ದ ಒಂದು ಹಳೇ ಸಾಫ್ಟ್‌ವೇರ್ ಆ ಕಂಪ್ಯೂಟರಿನಲ್ಲಿತ್ತು. ಹಾಕಿಕೊಟ್ಟವನ ಅಂಗಡಿಯೇ ಈಗಿಲ್ಲ. ಹೊಸ ಕಂಪ್ಯೂಟರಿಗೆ ಅದು ಒಗ್ಗುವುದಿಲ್ಲ, ಹೊಸ ಜೋಡಣೆಗೆ ಅಕ್ಕನ ಬೆರಳು ಒಗ್ಗುವುದಿಲ್ಲ. ಕಂಪ್ಯೂಟರ್ ಆಗಲೇ ಕೆಲವು ದಿನ ಬೆಳಿಗ್ಗೆ ಆನ್ ಆಗದೆ ಮೊಂಡು ಹಿಡಿಯುತ್ತಿತ್ತು.

“ನನ್ ತಮ್ಮ ಏಳವ್ನೆ ಅಣ್ಣ, ಇದು ನಡಿಯೋಗಂಟ ಅಂಗ್ಡಿ ನಿಂದು, ನಿಂತೋದ್ ದಿನ ಮೊಬೈಲ್ನೋರ್ಗೆ ಬಾಡ್ಗೆಗ್ ಕೊಡ್ತೀನಿ ಅಂತ. ಆಮೇಕೆ ನಾನು ಮನೇಲಿ ಸೊಪ್ಪು ಬಿಡಿಸ್ಕಂಡು ಕೂತ್ಕೋಬೇಕು. ನನ್ ಕೈಲಾಗಲ್ಲ.”

ಹಾಗಾದರೆ ರಿಪೇರಿ ಡಿಸ್ಕ್ ಮಾಡಿಡೋಣ ಎಂದೆ. ಕಂಪ್ಯೂಟರ್ ಏಳದೇ ಹೋದ ದಿನ ಆ ಡಿಸ್ಕ್ ಹಾಕಿದರೆ ಒಳಗಿರುವುದು ಅಳಿಯದಂತೆ ಎಬ್ಬಿಸಬಹುದು. ಪೆನ್‌ಡ್ರೈವ್‌ನಿಂದ ಏಳುವ ಬುದ್ಧಿ ಆ ಮುದಿ ಮೆಷಿನ್ನಿಗಿರಲಿಲ್ಲ. ಅರ್ಧ ಗಂಟೆಯ ಕೆಲಸ ಎಂದೂ ಹೇಳಿದೆ. ಹಾಗೆ ಹೇಳಿದ ಕೆಲಸಗಳೇ ನನ್ನ ಆಯುಷ್ಯ ತಿಂದಿವೆ.

ಮೊದಲು, ಬೇಕಾದ ಫೈಲುಗಳೇ ಇಲ್ಲ ಎಂದಿತು. ಅದೇ ತರದ ಇನ್ನೊಂದು ಕಂಪ್ಯೂಟರಿನಿಂದ ತಂದು ಹಾಕಿದೆ. ಆಮೇಲೆ ಬರೆಯಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿ, ಡಿಸ್ಕ್ ಮಾಡಲಾಗಲಿಲ್ಲ ಎಂದು ಉಗುಳಿತು. ಅಗ್ಗದ ಡಿಸ್ಕಿರಬೇಕೆಂದು ಒಳ್ಳೆಯದು ತಂದೆ. ಆಂಟಿವೈರಸ್ ಆಫ್ ಮಾಡಿದೆ. ಬರೆಯುವ ವೇಗ ಇಳಿಸಿದೆ. ಮತ್ತೊಂದು ದಿನ ಬಂದು ಕೇಬಲ್ ಬದಲಿಸಿದೆ. ಪ್ರತಿ ಸಲವೂ ಅಷ್ಟೇ, ಡಿಸ್ಕ್ ಇಡುವ ಟ್ರೇ ಹೊರಬರುತ್ತಿತ್ತು, ಕೆಟ್ಟ ಡಿಸ್ಕನ್ನು ಕೈಗೆ ಕೊಡುತ್ತಿತ್ತು. ಅಕ್ಕ ಕೆಟ್ಟ ಡಿಸ್ಕುಗಳನ್ನು ದಾರಕ್ಕೆ ಪೋಣಿಸಿ ಪಾರಿವಾಳ ಓಡಿಸಲು ಕಿಟಕಿಗೆ ಕಟ್ಟಿದರು. ಅವು ಬಿಸಿಲಿಗೆ ಮಿನುಗುವುದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಇನ್ನು ನನ್ನಿಂದಾಗದು, ಹೇಳಿಬಿಟ್ಟು ಹೋಗೋಣ ಎಂದುಕೊಂಡೇ ಒಂದು ಮಧ್ಯಾಹ್ನ ಕೊನೆಯ ಬಾರಿಗೆ ಟ್ರೇ ತೆಗೆದೆ. ಒಳಗಿನಿಂದ ಒಂದು ಇರುವೆ ನಡೆದು ಬಂತು. ಅದರ ಹಿಂದೆ ಇನ್ನೊಂದು.

“ಅಕ್ಕ, ಇದ್ರೊಳಗೆ ಏನ್ ಹಾಕಿದೀರ?”

“ಏನೂ ಇಲ್ವಲ್ಲಣ್ಣ. ಸಕ್ಕರೆ ಇಟ್ಟಿದ್ದೆ, ಅಷ್ಟೇಯ.”

“ಸಕ್ಕರೆನಾ?”

“ಆಯುಧಪೂಜೆಗೆ. ಎಲ್ಲಾರೂ ಕೀಬೋರ್ಡಿಗೆ ಕುಂಕುಮ ಇಟ್ಟು ಸುಮ್ಕಾಯ್ತಾರೆ. ಇದು ಬಾಯಿ ತೆಗೀತೈತಲ್ಲ... ಬಾಯಿ ಇರೋದ್ಕೆ ನೈವೇದ್ಯ ಇಡ್ದೆ ಎಂಗಣ್ಣ ಇರೋದು?”

ಅವರು ಡಿಸ್ಕ್ ಹಾಕುವವರೇ ಅಲ್ಲ. ಗಿರಾಕಿಗಳು ತರುವುದೆಲ್ಲ ಪೆನ್‌ಡ್ರೈವ್. ಹಾಗಾಗಿ ವರ್ಷ ವರ್ಷದ ಸಕ್ಕರೆ, ಕುಂಕುಮ, ಕರ್ಪೂರದ ಹೊಗೆ ಎಲ್ಲ ಒಳಗೇ ಕೂತಿತ್ತು. ಡ್ರೈವ್ ಬಿಚ್ಚಿದೆ. ಡಿಸ್ಕ್ ಓದುವ, ಬರೆಯುವ ಪುಟ್ಟ ಗಾಜಿನ ಮೇಲೆ ಕೆಂಪು ಪೊರೆ. ನಗು ಬಂತು, ಎಷ್ಟು ಎಂದರೆ ಸ್ಕ್ರೂ ಕೈಜಾರಿತು. ಅಕ್ಕ ಮಾತ್ರ ನಗಲಿಲ್ಲ. “ನಾನೇ ಮಾಡ್ಬುಟ್ನಾ?” ಎಂದು ಕೂತುಬಿಟ್ಟರು. ಕಣ್ಣು ತುಂಬಿತ್ತು. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿ ಮತ್ತೆ ಜೋಡಿಸಿದೆ. ಈ ಸಲ ಡಿಸ್ಕ್ ಅರ್ಧ ದಾಟಿತು, ಮುಕ್ಕಾಲು ದಾಟಿತು, ಮುಗಿಯಿತು. ಮಾರ್ಕರಿನಲ್ಲಿ ಹೆಸರು ಬರೆದು ಅವರ ಕೈಗಿಟ್ಟೆ. ಎರಡೂ ಕೈಯಲ್ಲಿ ಪ್ರಸಾದ ಇಸಿದುಕೊಂಡಂತೆ ಇಸಿದುಕೊಂಡರು.

ಅದರ ಕೆಲಸ ಬೇಗನೇ ಬಂತು. ಒಂದು ಬೆಳಿಗ್ಗೆ ಫೋನು: “ಅಣ್ಣ, ಏಳ್ತಿಲ್ಲ. ತಮ್ಮ ಬಂದು ನಿಂತವ್ನೆ.” ಹೋದೆ. ತಮ್ಮ ಬಾಗಿಲಲ್ಲೇ ನಿಂತಿದ್ದ, ಜೊತೆಗೆ ಅಳತೆ ಟೇಪು ಹಿಡಿದ ಒಬ್ಬ. ಅಕ್ಕ ದೇವರ ಪಟದ ಮುಂದಿನಿಂದ ಡಿಸ್ಕ್ ತೆಗೆದುಕೊಟ್ಟರು. ನೋಡಿದರೆ ಹೊಳೆಯುವ ಬದಿಯ ತುಂಬ ಕುಂಕುಮ! ತಮ್ಮನ ಎದುರೇ ರೇಗಿದೆ. “ಇದು ಓದೋದೇ ಈ ಕಡೆಯಿಂದ ಕಣಕ್ಕಾ. ಇಲ್ಲಿ ಬೆರಳೂ ತಾಗಿಸಬಾರದು.” ಒರೆಸಿ ಹಾಕಿದೆ. ಮೂವರೂ ಪರದೆಯನ್ನೇ ನೋಡುತ್ತ ನಿಂತೆವು. ಟೇಪಿನವನು ಮಾತ್ರ ಗೋಡೆ ನೋಡುತ್ತಿದ್ದ. ಬಹಳ ಹೊತ್ತಿನ ಮೇಲೆ ಕಂಪ್ಯೂಟರ್ ಎದ್ದಿತು. ಅಕ್ಕ ಕೂತು ತಮ್ಮನ ಹೆಸರನ್ನೇ ಟೈಪ್ ಮಾಡಿ ತೋರಿಸಿದರು. ಆತ ನಕ್ಕು, “ನಿನ್ನೇ ಗೆಲ್ಸವ್ನೆ ಬುಡಕ್ಕ ದೇವ್ರು” ಎಂದು ಟೇಪಿನವನನ್ನು ಕರೆದುಕೊಂಡು ಹೋದ.

ನಾನು ಹೊರಡುವಾಗ ಅಕ್ಕ ಡಿಸ್ಕಿನ ಮೇಲ್ಬದಿ ತೋರಿಸಿ ಮೆಲ್ಲಗೆ ಕೇಳಿದರು, “ಈ ಕಡೆ ಇಡಬೌದಾ ಅಣ್ಣ?”

“ಇಡಿ” ಎಂದೆ.

ಮತ್ತೆ ಅವರ ಫೋನು ಬರಲಿಲ್ಲ. ಮೆಷಿನ್ನು ಚೆನ್ನಾಗಿದೆಯೆಂದೇ ತಿಳಿದೆ, ಚೆನ್ನಾಗಿಯೇ ಇತ್ತು. ಬಹಳ ತಿಂಗಳಾದ ಮೇಲೆ ಆ ದಾರಿಯಲ್ಲಿ ಹೋದಾಗ ಮಳಿಗೆಯಲ್ಲಿ ಮೊಬೈಲ್ ಅಂಗಡಿ. ಮೇಲಿನಿಂದ ತಮ್ಮ ಇಳಿದು ಬಂದ. ಅಕ್ಕನಿಗೆ ಹೊಟ್ಟೆಯಲ್ಲಿ ಗೆಡ್ಡೆಯಾಗಿತ್ತಂತೆ, ಆಸ್ಪತ್ರೆಯಿಂದ ವಾಪಸ್ ಬರಲಿಲ್ಲವಂತೆ. “ಕಂಪ್ಯೂಟರ್ ನಡೀತಾನೇ ಇತ್ತು. ಆದ್ರೆ ಯಾರ್ ಟೈಪ್ ಮಾಡ್ತಾರೆ ಏಳಿ... ಗುಜರಿಗೆ ಆಕ್ದೆ. ಇದ್ನ ಮಾತ್ರ ನಿಮಗೇ ಕೊಡು ಅಂದಿದ್ಲು” ಎಂದು ಈ ಕವರು ಕೊಟ್ಟ. ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ಬಂದೆ. ತೆಗೆದು ನೋಡುವ ಮನಸ್ಸಾಗದೆ ಹಾಗೇ ಡಬ್ಬಕ್ಕೆ ಹಾಕಿದೆ...

ಈಗ ಡಿಸ್ಕ್ ಹಾಕುವ ಕಂಪ್ಯೂಟರ್ ನನ್ನ ಬಳಿಯೂ ಇಲ್ಲ. ಇದು ಎಬ್ಬಿಸಬೇಕಾದ ಮೆಷಿನ್ನೂ ಇಲ್ಲ, ಅದರ ಮುಂದೆ ಕೂರುವವರೂ ಇಲ್ಲ. ಎಸೆಯುವ ರಾಶಿಗೆ ಹಾಕೋಣವೆಂದು ಮೊದಲ ಸಲ ಕವರಿನಿಂದ ಹೊರತೆಗೆದೆ. ಮೇಲ್ಬದಿಯಲ್ಲಿ ಶುಕ್ರವಾರದ ಮೇಲೆ ಶುಕ್ರವಾರ ಇಟ್ಟ ಕುಂಕುಮ ಹೆಪ್ಪಾಗಿ ಕೂತಿದೆ. ಆಸ್ಪತ್ರೆಗೆ ಹೊರಡುವ ಮುಂಚೆಯೂ ಇಟ್ಟೇ ಹೋಗಿರಬೇಕು. ಹಿಂದೆ ತಿರುಗಿಸಿದೆ. ಹೊಳೆಯುವ ಬದಿಯಲ್ಲಿ ನನ್ನ ಸುಸ್ತಾದ ಮುಖ ಕಾಣಿಸಿತು. ಒಂದು ಬೆರಳಿನ ಗುರುತೂ ಇರಲಿಲ್ಲ.